ಆರಿಸಿಕೊಳ್ಳುವ ಹಕ್ಕು

ಯಾವ ಖಂಡ ಚಲೋ? ಈ ಪ್ರಶ್ನೆ ಬರೀ ಒಲೆಯ ಮುಂದಿನದಲ್ಲ ಗೆಳೆಯರೆ. ಆರಿಸಿಕೊಳ್ಳುವ ಹಕ್ಕು ಯಾರಿಗಿತ್ತು ಅನ್ನುವ ಪ್ರಶ್ನೆಯೂ ಹೌದು.

ಬೆನ್ನೆಲುಬಿನ ಕೆಳಗಿನ ಖಂಡ ಹೆಚ್ಚು ದುಡಿಯುವುದಿಲ್ಲ, ಅದಕ್ಕೇ ಮೆತ್ತಗಿರುತ್ತದೆ. ಪಟ್ಟಣದ ದೊಡ್ಡ ಹೋಟೆಲು ಅದನ್ನು ದಪ್ಪಗೆ ಕೊಯ್ದು, ಕಾದ ಹಂಚಿನ ಮೇಲೆ ಕೆಲವೇ ನಿಮಿಷ ಸುಟ್ಟು 'ಸ್ಟೇಕ್' ಅಂತ ಮಾರುತ್ತದೆ. ನೊಗ ಹೊತ್ತ ಕುತ್ತಿಗೆ, ನಡೆದ ಕಾಲು ಗಟ್ಟಿ. ಅವನ್ನು ಹಾಗೆ ಸುಟ್ಟರೆ ಹಲ್ಲಿಗೆ ಬಗ್ಗುವುದಿಲ್ಲ. ಸಣ್ಣ ಉರಿಯಲ್ಲಿ ಎರಡು ಮೂರು ತಾಸು ಕುದಿಸಿದರೆ ನರ ಕರಗಿ ಸಾರು ಗಟ್ಟಿಯಾಗುತ್ತದೆ. ಜ್ವಾಳದ ರೊಟ್ಟಿಗೆ ಅದಕ್ಕಿಂತ ಜೋಡಿ ಬೇಕೇನು?

ಕೇರಿ ಈ ವಿದ್ಯೆ ಕಲಿತದ್ದು ಸತ್ತ ದನ ಹೊರುವ ಬಿಟ್ಟಿ ಚಾಕರಿಯಲ್ಲಿ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿರೆಂದರು. ಬಿಡಬೇಕಾದದ್ದು ರುಚಿಯಲ್ಲ, ಆ ಗುಲಾಮಗಿರಿ.

ಈಗ ಬಂದದ್ದು ಇನ್ನೊಂದು ಆಜ್ಞೆ. ಕರ್ನಾಟಕದ 2020ರ ಕಾಯ್ದೆಯಂತೆ ಆಕಳು, ಎತ್ತು ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ, ಅದೂ ಸರ್ಟಿಫಿಕೇಟ್ ಇದ್ದರೆ, ಅವಕಾಶ. ಮುದಿ ಖಂಡ, ಮತ್ತದೇ ಗಟ್ಟಿ ಪಾಲು! ಅಂದು 'ಇದನ್ನೇ ತಿನ್ನು' ಅಂದರು, ಇಂದು 'ತಿನ್ನಬ್ಯಾಡ' ಅಂತಾರ. ಎರಡರಲ್ಲೂ ನಮ್ಮನ್ನು ಕೇಳಿದವರು ಯಾರು?

ತಿನ್ನಲೇಬೇಕೆಂದು ಯಾರಿಗೂ ಹೇಳುತ್ತಿಲ್ಲ. ಬ್ಯಾಡಾದವನು ಬಿಡಲಿ, ಅದೂ ಅವನ ಆಯ್ಕೆ. ಆದರೆ ಗುಂಡಗುರ್ತಿಯಂಥ ಊರಿನ ಶಾಲೆಯಲ್ಲಿ ಮಾಸ್ತರರು "ನಿನ್ನೆ ಏನು ಉಂಡಿ?" ಅಂತ ಕೇಳಿದರೆ, ಕೇರಿಯ ಹುಡುಗ ತಲೆ ತಗ್ಗಿಸಿ "ಬ್ಯಾಳಿ" ಅಂತ ಸುಳ್ಳು ಹೇಳಬೇಕಾದರೆ, ಆ ಶಾಲೆ ಅವನಿಗೆ ಕಲಿಸಿದ್ದೇನು? ಮಾಸ್ತರರೇ ಉತ್ತರ ಹೇಳಲಿ.