ಮಣ್ಣಿನ ಗುಮ್ಮಟ ಮತ್ತು ಗೃಹಸ್ಥನ ಪ್ರಮಾದ

ಗೃಹನಿರ್ಮಾಣವು ಆರಂಭೀ ಹಿಂಸೆಯಿಂದ ಮುಕ್ತವಲ್ಲವೆಂಬುದು ಶ್ರಾವಕರಿಗೆ ಹೊಸ ಸಂಗತಿಯಲ್ಲ. ನೆಲವನ್ನು ಅಗೆದಲ್ಲಿ ಪೃಥ್ವೀಕಾಯ ಜೀವಗಳಿಗೂ ಎರೆಹುಳು, ಗೆದ್ದಲು ಮೊದಲಾದ ತ್ರಸಜೀವಿಗಳಿಗೂ ಬಾಧೆ ತಪ್ಪದು. ಇಟ್ಟಿಗೆಯ ಗೂಡಿನಲ್ಲಿ ಬೆಂಕಿ, ಸೌದೆ, ಸೌದೆಯೊಳಗಿನ ಕೀಟಗಳು ಕೂಡಿಕೊಳ್ಳುತ್ತವೆ. ಸಂಪೂರ್ಣ ತ್ಯಾಗವು ಗೃಹಸ್ಥನಿಗೆ ಅಶಕ್ಯವಾದುದರಿಂದ ಹಿಂಸೆಯನ್ನು ಕಡಿಮೆ ಮಾಡಿಕೊಳ್ಳುವುದೇ ಅವನ ಮಾರ್ಗ.

ಈ ದೃಷ್ಟಿಯಿಂದ ಸುಡದ ಮಣ್ಣಿನ ಗುಮ್ಮಟದ ಮನೆ ಮನಸ್ಸನ್ನು ಸೆಳೆಯುವುದು ಸಹಜ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗೆ ಮಣ್ಣಿನ ಗೋಡೆ ಪರಿಚಿತವೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬಿದಿರಿನ ತಡಿಕೆಗೆ ಮಣ್ಣು ಮೆತ್ತಿ, ಹುಲ್ಲು ಹೊದಿಸಿ ಮನೆ ಕಟ್ಟಿಕೊಂಡು ಬಂದವರು. ಗುಮ್ಮಟ ಮಾತ್ರ ಇಲ್ಲಿನ ಮನೆಗಳ ರೂಢಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಯಂತ್ರದಲ್ಲಿ ಒತ್ತಿ ತಯಾರಿಸುವ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದಿತು. ಮರಳು ಮಿಶ್ರಿತ ಕೆಮ್ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟು ಬೆರೆಸಿ ಒತ್ತಿ, ಮೂರು ನಾಲ್ಕು ವಾರ ನೀರುಣಿಸಿದರೆ ಇಟ್ಟಿಗೆ ಸಿದ್ಧ, ಗೂಡು ಬೇಡ. ಸಣ್ಣ ಗುಮ್ಮಟಕ್ಕೆ ಸೆಂಟ್ರಿಂಗ್ ಹಲಗೆಗಳೂ ಬೇಡ. ನಡುವಿನ ಗೂಟಕ್ಕೆ ಕಟ್ಟಿದ ಕೋಲನ್ನು ತಿರುಗಿಸುತ್ತ ಬಳೆಯ ಮೇಲೆ ಬಳೆಯಂತೆ ಇಟ್ಟಿಗೆಯಿಟ್ಟರೆ, ಪೂರ್ಣಗೊಂಡ ಪ್ರತಿಯೊಂದು ಸುತ್ತೂ ತನ್ನನ್ನು ತಾನೇ ಹಿಡಿದು ನಿಲ್ಲುತ್ತದೆ.

ಇಷ್ಟನ್ನು ಓದಿಕೊಂಡು, ಕರಣೆ ಹಿಡಿದು ಅರಿಯದ ಗೃಹಸ್ಥನು ತಾನೇ ಕಟ್ಟಲು ಹೊರಟಾಗ ಪ್ರಶ್ನೆ ಬೇರೆಯಾಗುತ್ತದೆ. ಗುಮ್ಮಟವು ತನ್ನ ಬುಡದ ಗೋಡೆಯನ್ನು ಸದಾ ಹೊರಕ್ಕೆ ತಳ್ಳುತ್ತದೆ. ದಪ್ಪ ಗೋಡೆಯೋ ಬಲವಾದ ಸುತ್ತುಪಟ್ಟಿಯೋ ಇಲ್ಲದಿದ್ದಲ್ಲಿ ಬುಡದಿಂದ ಮೇಲಕ್ಕೆ ಬಿರುಕು ಏಳುತ್ತದೆ. 1656ರ ವಿಜಯಪುರದ ಗೋಳಗುಮ್ಮಟಕ್ಕೆ ಅಷ್ಟು ಭಾರಿ ಗೋಡೆಗಳು ವೈಭವಕ್ಕಾಗಿ ಮಾತ್ರ ಬಂದವಲ್ಲ. ಇನ್ನು ಕಪ್ಪು ಎರೆಮಣ್ಣಿನ ನೆಲ ನೀರಿಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. ಗುಮ್ಮಟಕ್ಕೆ ಸೂರಿನ ಅಂಚಿಲ್ಲವಾದ್ದರಿಂದ ಹಿಂಗಾರಿನ ನೀರು ಗೋಡೆಯ ಮೈಮೇಲೆಯೇ ಇಳಿಯುತ್ತದೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗೂ ಮೊದಲು ಪ್ರಮಾದವನ್ನು ಇರಿಸಿದ್ದಾರೆ. ಅರಿಯದೆ ಕಟ್ಟುವುದು ಪ್ರಮಾದವಲ್ಲ. ಅರಿಯೆನೆಂದು ತಿಳಿದೂ ಕಲಿಯದೆ ಕಟ್ಟುವುದು ಪ್ರಮಾದ. ಉಳಿಸಿದ ಸೌದೆಯನ್ನು ಜಮಾ ಬರೆದು, ಕೂಲಿಯಾಳಿನ ಮೇಲೆ ಕುಸಿದ ಸುತ್ತನ್ನು ಖರ್ಚು ಬರೆದು ಖಾತೆ ಚುಕ್ತಾ ಮಾಡಲು ಬರುವುದಿಲ್ಲ.

ಹಾಗಾದರೆ ಗುತ್ತಿಗೆದಾರನಿಗೆ ವಹಿಸಿ ಕೈತೊಳೆದುಕೊಳ್ಳಬಹುದೇ? ಮಾಡಿದುದು, ಮಾಡಿಸಿದುದು, ಅನುಮೋದಿಸಿದುದು ಮೂರೂ ಒಂದೇ ಪಂಕ್ತಿಯವು. ಹಣ ಕೊಟ್ಟವನಿಗೆ ಗೂಡಿನ ಹೊಗೆ ಕಾಣುವುದಿಲ್ಲ, ಅಷ್ಟೇ. ತಾನೇ ಅಗೆಯುವವನಿಗಾದರೋ ಗುದ್ದಲಿಗೆ ಸಿಕ್ಕ ಎರೆಹುಳು ಕಾಣುತ್ತದೆ. ಕೋಣೆಯನ್ನು ಎರಡು ಅಡಿ ಕಿರಿದುಗೊಳಿಸಲು ಅವನಿಗೆ ಮನಸ್ಸಾದೀತು. ಪರಿಗ್ರಹ ಪರಿಮಾಣಕ್ಕೆ ಇಂತಹ ಪಾಠ ಪ್ರವಚನದಲ್ಲೂ ದುರ್ಲಭ. ಹೊಸಬನ ಹಟದಲ್ಲಿ ಮೆಚ್ಚತಕ್ಕ ಅಂಶವಿದ್ದರೆ ಅದು ಇದೇ.

ಆದುದರಿಂದ ಅವನು ಮೊದಲು ಯಾರೂ ಮಲಗದ ಆರಡಿಯ ಸಾಮಾನು ಕೋಣೆಯೊಂದನ್ನು ಕಟ್ಟಿ, ಒಂದು ಮುಂಗಾರು ಹಿಂಗಾರು ಕಳೆಯಗೊಡುವುದು ಯುಕ್ತ. ಆರೋವಿಲ್‌ನಲ್ಲಿ 1989ರಲ್ಲಿ ಸ್ಥಾಪಿತವಾದ ಮಣ್ಣಿನ ವಾಸ್ತುಸಂಸ್ಥೆಯು ಕಮಾನು, ಗುಮ್ಮಟಗಳ ವಿದ್ಯೆಯನ್ನು ಕಲಿಸುತ್ತ ಬಂದಿದೆ. ಕೆಲವು ದಿನ ಅಲ್ಲಿ ಕೈಕೆಸರು ಮಾಡಿಕೊಂಡು ಬಂದರೆ ಕುಂದೇನಿಲ್ಲ. ನಕ್ಷೆಯನ್ನು ಇಂಜಿನಿಯರಿಗೆ ತೋರಿಸಲೇಬೇಕು. ಬಸದಿಯ ಟ್ರಸ್ಟುಗಳು ದಾನದ ಹಣದಲ್ಲಿ ಕಟ್ಟಿಸುವ ಯಾತ್ರಿನಿವಾಸಕ್ಕೆ ಮಾತ್ರ ಹೊಸಬರ ಇಂತಹ ಪ್ರಯೋಗ ಸಲ್ಲದು. ತನ್ನ ಮನೆಯ ಬಿರುಕು ಹಳೆಯದೋ ಹೊಸದೋ ಎಂದು ಕಟ್ಟಿದವನು ಬಲ್ಲ. ಒಂದು ರಾತ್ರಿ ತಂಗಲು ಬಂದ ಯಾತ್ರಿಕನಿಗೆ ಅದು ತಿಳಿಯದು.