ಮಟ್ಟು ಯಾರದು?

ಕೆಲವು ವರ್ಷಗಳ ಹಿಂದೆ ಅರಕಲಗೂಡಿನ ಕಡೆಯ ಹಳ್ಳಿಯೊಂದರ ಮದುವೆಮನೆಯಲ್ಲಿ ಒಬ್ಬ ಅಜ್ಜಿ ಹಾಡಿದ ಸೋಬಾನೆ ಪದಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಆಮೇಲೆ ಅದರಲ್ಲೊಂದರ ಮಟ್ಟಿಗೆ ನನ್ನ ಸಾಲುಗಳನ್ನು ಕೂರಿಸಿ ಕಾಲೇಜಿನ ನಾಟಕಕ್ಕೆ ಹಾಡು ಮಾಡಿದೆ. ಬಹುಮಾನ ಬಂತು. ಕರಪತ್ರದಲ್ಲಿ ‘ಸಂಗೀತ’ ಎಂಬುದರ ಮುಂದೆ ನನ್ನ ಹೆಸರಿತ್ತು. ಅಜ್ಜಿಯ ಹೆಸರು ಎಲ್ಲೂ ಇರಲಿಲ್ಲ.

ಸಮಾಧಾನಕ್ಕೆ ಒಂದು ವಾದವನ್ನೂ ಇಟ್ಟುಕೊಂಡಿದ್ದೆ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಮದುವೆಗಳಲ್ಲಿ ನಾನು ಕೇಳಿದ ಮಟ್ಟುಗಳು ಕೆಲವೇ, ಪದಗಳು ಮಾತ್ರ ಲೆಕ್ಕವಿಲ್ಲದಷ್ಟು. ಹಸೆಗೆ ಕರೆಯುವುದಕ್ಕೂ ಬೀಗರನ್ನು ಹಂಗಿಸುವುದಕ್ಕೂ ಅದೇ ಮಟ್ಟು. ಎಲ್ಲರದೂ ಆದದ್ದರಲ್ಲಿ ನನ್ನದೂ ಒಂದು ಪಾಲು ಇದ್ದರೇನು?

ಜಮೈಕಾದ ಡ್ಯಾನ್ಸ್‌ಹಾಲ್ ಸಂಗೀತವೂ ಹೀಗೇ ನಡೆಯುತ್ತದೆ. ತಾಳ ಮತ್ತು ಬೇಸ್ ಸೇರಿದ ತಳಪಾಯವನ್ನು ಅಲ್ಲಿ ‘ರಿದಿಮ್’ ಎನ್ನುತ್ತಾರೆ. ಒಂದೇ ರಿದಿಮ್ ಮೇಲೆ ಹತ್ತಾರು ಮಂದಿ ತಮ್ಮ ತಮ್ಮ ಮಾತು ಹಾಡುತ್ತಾರೆ. 1985ರಲ್ಲಿ ಕಿಂಗ್ ಜ್ಯಾಮಿ ನಿರ್ಮಿಸಿ ವೇಯ್ನ್ ಸ್ಮಿತ್ ಹಾಡಿದ ‘ಸ್ಲೆಂಗ್ ಟೆಂಗ್’ ಅಂಥದ್ದು. ಟೆನರ್ ಸಾ, ಜಾನಿ ಆಸ್ಬೋರ್ನ್ ಮೊದಲಾದವರೂ ಅದರ ಮೇಲೆ ಹಾಡಿದರು. ಆ ಲಯ ಬಂದದ್ದು ಕ್ಯಾಸಿಯೊ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನಿಂದ. ಅದನ್ನು ರೂಪಿಸಿದ್ದು ಸಂಗೀತ ಓದಿ ಕಂಪನಿ ಸೇರಿದ್ದ ಒಕುಡಾ ಹಿರೋಕೊ ಎಂಬ ಜಪಾನಿ ಯುವತಿ. ಆಕೆಯ ಹೆಸರು ಹೊರಗೆ ತಿಳಿಯಲು ದಶಕಗಳೇ ಹಿಡಿದವು.

ನನ್ನ ವಾದಕ್ಕೆ ಇದು ಬೆಂಬಲ ಅಂದುಕೊಂಡೆ. ಯೋಚಿಸಿದಂತೆ ಅದೇ ತಿರುಗಿಬಿತ್ತು. ಡ್ಯಾನ್ಸ್‌ಹಾಲಿನಲ್ಲಿ ಸೇರಿದವರಿಗೆ ಮೊದಲ ಪೆಟ್ಟಿಗೇ ರಿದಿಮ್ ಯಾವುದೆಂದು ಗೊತ್ತಾಗುತ್ತದೆ. ಸೋಬಾನೆಗೆ ದನಿಗೂಡಿಸುವ ಹೆಂಗಸರಿಗೂ ಅಷ್ಟೆ. ಅಲ್ಲಿ ಎರವಲು ಎಲ್ಲರ ಕಣ್ಣೆದುರೇ ಇರುತ್ತದೆ. ನನ್ನ ಸಭೆಗೆ ಅದು ಗೊತ್ತಿರಲಿಲ್ಲ. ಅವರ ಅರಿವಿಲ್ಲದಿರುವಿಕೆಯನ್ನೇ ನನ್ನ ಪ್ರತಿಭೆಯಾಗಿ ಮಾಡಿಕೊಂಡೆ.

ನಮ್ಮ ಕೃತಿಸ್ವಾಮ್ಯ ಕಾಯ್ದೆ ಕರ್ತೃ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಸುತ್ತದೆ. ಕರ್ತೃವೇ ಗೊತ್ತಿಲ್ಲದ ಮಟ್ಟಿನ ವಿಷಯದಲ್ಲಿ ಅದು ನನ್ನನ್ನು ಹಿಡಿಯಲಾರದು. ಆದರೆ ತಪ್ಪು ಮಟ್ಟನ್ನು ತೆಗೆದುಕೊಂಡದ್ದರಲ್ಲಿ ಇರಲಿಲ್ಲ, ಋಣ ಮುಚ್ಚಿಟ್ಟದ್ದರಲ್ಲಿತ್ತು. ಹೇಮಾವತಿ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಜನಪದ ಗೀತೆಗಳನ್ನು ಸಂಗ್ರಹಿಸಿ ‘ಹಳ್ಳಿಯ ಹಾಡುಗಳು’ ಎಂದು ಹೆಸರಿಟ್ಟರು. ಹಾಡು ಯಾರದೆಂದು ಆ ಹೆಸರೇ ಹೇಳುತ್ತದೆ.

ಮೂಲವೇ ತಿಳಿಯದಿದ್ದಾಗ ಯಾರನ್ನು ನೆನೆಯುವುದು? ಕಳೆದ ವರ್ಷ ಅಜ್ಜಿಯನ್ನು ಹುಡುಕಿಕೊಂಡು ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ನಕ್ಕರು. “ಪದ ನಂದೇನಲ್ಲ ಮಗಾ, ನಮ್ಮವ್ವನ ಬಾಯಿಂದ ಬಂದದ್ದು. ಹಾಡ್ಕೊ. ಯಾರ ಹತ್ರ ಕಲ್ತೆ ಅಂತ ಕೇಳಿದ್ರೆ ಮಾತ್ರ ಹೇಳು.”

ಮಟ್ಟಿಗೆ ಒಡೆಯರಿಲ್ಲದಿರಬಹುದು. ನನ್ನ ಕಿವಿಗೆ ಅದನ್ನು ಮುಟ್ಟಿಸಿದ ಒಂದು ಬಾಯಿಯಂತೂ ಇದೆ. ಯಾರೂ ಕೇಳದಿದ್ದರೂ ಈಗ ಹಾಡುವ ಮೊದಲು ಅದನ್ನು ಹೇಳುತ್ತೇನೆ.