ತೋಳಿಗೆ ಬಂದು ನಿಂತ ಸ್ವೆಟರ್

ಸ್ವೆಟರ್ ನಿಲ್ಲುವುದು ಸಾಮಾನ್ಯವಾಗಿ ತೋಳಿಗೆ ಬಂದಾಗ. ಬೆನ್ನು ಮುಗಿದಿರುತ್ತದೆ, ಎದೆ ಮುಗಿದಿರುತ್ತದೆ, ಒಂದು ತೋಳೂ ಆಗಿರುತ್ತದೆ. ಎರಡನೆಯದು ಮುಂಗೈ ಪಟ್ಟಿಯಿಂದ ನಾಲ್ಕು ಬೆರಳು ಮೇಲೇರಿ ಕಡ್ಡಿಯ ಮೇಲೆಯೇ ಉಳಿದುಬಿಟ್ಟಿರುತ್ತದೆ. ಕೌದಿ ನಿಲ್ಲುವುದು ಮೇಲಿನ ತುಂಡುಗಳನ್ನೆಲ್ಲ ಕೂಡಿಸಿ ಆದ ಮೇಲೆ, ಅಡಿಯ ಬಟ್ಟೆ ಹಾಸಿ ಪದರ ಸೇರಿಸಬೇಕಾದಾಗ. ರವಿಕೆ ಹುಕ್ಕು, ಕಾಜದ ಹತ್ತಿರ ನಿಲ್ಲುತ್ತದೆ. ಸೀರೆಯ ಕುಚ್ಚು ಅರ್ಧ ಸೆರಗಿಗೆ ನಿಲ್ಲುತ್ತದೆ. ಹತ್ತಾರು ಮನೆಗಳ ಟ್ರಂಕು, ಅಟ್ಟ, ಮಂಚದ ಕೆಳಗಿನ ಚೀಲಗಳಲ್ಲಿ ಇಂಥವನ್ನು ನೋಡುತ್ತ ಬಂದ ನನಗೆ, ಇವು ನಿಂತ ಜಾಗ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಎನ್ನುವುದು ಗಮನಕ್ಕೆ ಬಂತು. ಅಷ್ಟು ಜನ ಒಂದೇ ಜಾಗದಲ್ಲಿ ಕೈಬಿಟ್ಟಿದ್ದಾರೆ ಎಂದರೆ ಅದು ಅವರ ಸೋಮಾರಿತನವಲ್ಲ. ಆ ಜಾಗದಲ್ಲೇ ಏನೋ ತೊಡಕಿರಬೇಕು.

ತೋಳನ್ನೇ ನೋಡಿ. ಬೆನ್ನು ಹೆಣೆಯುವಾಗ ವಿನ್ಯಾಸ ಹೊಸದು, ಎದೆಯಲ್ಲಿ ಕುತ್ತಿಗೆ ಇಳಿಸುವ ಲೆಕ್ಕ ಹೊಸದು, ಮೊದಲ ತೋಳಿನಲ್ಲಿ ಕಂಕುಳಿನ ಹತ್ತಿರ ಕಡಿಮೆ ಮಾಡುತ್ತ ಹೋಗುವ ಚಾತುರ್ಯವಿದೆ. ಎರಡನೆಯ ತೋಳಿನಲ್ಲಿ ಕಲಿಯುವುದಕ್ಕೆ ಏನೂ ಉಳಿದಿಲ್ಲ. ಮತ್ತೆ ಅದೇ ಪಟ್ಟಿ, ಒಂದು ಸೀದಾ ಒಂದು ಉಲ್ಟಾ, ಮತ್ತೆ ಅದೇ ಏರಿಕೆ. ಅದು ಮುಗಿದರೂ ಸ್ವೆಟರ್ ಮುಗಿಯಲಿಲ್ಲ. ನಾಲ್ಕು ಭಾಗಗಳನ್ನು ಸೂಜಿಯಿಂದ ಕೂಡಿಸಬೇಕು, ದಾರದ ತುದಿಗಳನ್ನೆಲ್ಲ ಒಳಗೆ ಸೇರಿಸಬೇಕು. ಅದು ಹೆಣಿಗೆಯಲ್ಲ, ಹೊಲಿಗೆ. ಹೆಣೆಯುವ ಕೈಗೆ ಹೊಲಿಯುವ ಮನಸ್ಸು ಇದ್ದೇ ಇರುತ್ತದೆ ಎನ್ನುವಂತಿಲ್ಲ. ತಿಳಿದವರು ಇದಕ್ಕೊಂದು ಉಪಾಯ ಮಾಡುತ್ತಾರೆ: ಎರಡು ಉಂಡೆಗಳನ್ನಿಟ್ಟುಕೊಂಡು ಎರಡೂ ತೋಳುಗಳನ್ನು ಒಂದೇ ಕಡ್ಡಿಯ ಮೇಲೆ ಅಕ್ಕಪಕ್ಕ ಹೆಣೆಯುತ್ತ ಹೋಗುತ್ತಾರೆ. ಉದ್ದ ಹೆಚ್ಚುಕಡಿಮೆಯಾಗುವುದಿಲ್ಲ, ಎರಡನೆಯ ತೋಳು ಎನ್ನುವುದೇ ಇರುವುದಿಲ್ಲ.

ಕೌದಿಯ ತೊಡಕು ಬೇರೆ. ಅದಕ್ಕೆ ನೆಲ ಬೇಕು. ಮಂಚದಗಲದ ಬಟ್ಟೆಯನ್ನು ಸುಕ್ಕಿಲ್ಲದೆ ಹಾಸಿ, ಮೇಲೆ ಹಳೆಯ ಸೀರೆ, ಧೋತರದ ಪದರಗಳನ್ನಿಟ್ಟು, ಅವು ಜಾರದಂತೆ ಮೊದಲು ದೊಡ್ಡ ಟಾಕಿ ಹಾಕಬೇಕು. ಒಬ್ಬರೇ ಕೂತರೆ ಈ ತುದಿ ಎಳೆದಾಗ ಆ ತುದಿ ಮುದುಡುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೊಲದ ಕೆಲಸ ಮುಗಿದ ಬೇಸಿಗೆಯಲ್ಲಿ ಕೌದಿ ಬಿಚ್ಚಿಕೊಳ್ಳುತ್ತಿದ್ದುದು ಪಡಸಾಲೆಯಲ್ಲಿ, ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ. ನಾಲ್ಕು ಕಡೆ ನಾಲ್ವರು ಕೂತು ಅಂಚಿನಿಂದ ಒಳಗೆ ಹೊಲಿಯುತ್ತ ಬರುತ್ತಿದ್ದರು. ಒಬ್ಬಾಕೆ ಎದ್ದು ಹಾಲು ಕಾಯಿಸಲು ಹೋದರೆ ಇನ್ನೊಬ್ಬಾಕೆ ಆ ಜಾಗಕ್ಕೆ ಜರುಗುತ್ತಿದ್ದಳು. ಕೆಲಸ ನಿಲ್ಲುವ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಅದು ಯಾವತ್ತೂ ಒಬ್ಬರ ಮಡಿಲಲ್ಲಿ ಇರಲಿಲ್ಲ. ಈಗ ಎರಡು ಕೋಣೆಯ ಮನೆಯಲ್ಲಿ, ಸೋಫಾ ಮತ್ತು ಟೀಪಾಯಿ ನಡುವೆ ಉಳಿದ ಐದಡಿ ಜಾಗದಲ್ಲಿ ಒಬ್ಬಾಕೆ ಇಡೀ ಕೌದಿ ಮುಗಿಸಬೇಕು ಎಂದರೆ ಅದು ಟ್ರಂಕಿಗೇ ಹೋಗುತ್ತದೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳ ಕೌದಿಗಳನ್ನು ನೋಡಿದವರಿಗೆ ಮುಗಿಸುವುದು ಎಂದರೇನೆಂದು ಚೆನ್ನಾಗಿ ತಿಳಿಯುತ್ತದೆ. ಆಫ್ರಿಕಾ ಮೂಲದ ಈ ಜನ ತಲೆಮಾರುಗಳಿಂದ ಉತ್ತರ ಕನ್ನಡದ ಕಾಡಂಚಿನಲ್ಲಿ ಇದ್ದಾರೆ. ತಮ್ಮ ಕೌದಿಯನ್ನು ಕವಂದ್ ಎನ್ನುತ್ತಾರೆ. ಒಂದು ಮೂಲೆಯಿಂದ ಹಿಡಿದು, ತುಂಡು ಬಟ್ಟೆಗಳನ್ನು ಸೇರಿಸುತ್ತ, ಸುತ್ತ ಸುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ಕ್ರೈಸ್ತ ಸಿದ್ದಿಗಳ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳದರಲ್ಲಿ ಅರ್ಧಚಂದ್ರ ಕಾಣುವುದುಂಟು. ಹೊಲಿಗೆ ನಡುವಿಗೆ ಬಂದು ಸೇರಿದರೂ ಅವರ ಲೆಕ್ಕದಲ್ಲಿ ಕೆಲಸ ಆಗಿಲ್ಲ. ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ನಾಲ್ಕು ಮೂಲೆಗೂ ಕೂರಿಸಬೇಕು. ಅದನ್ನು ಫುಲಾ, ಅಂದರೆ ಹೂವು ಎನ್ನುತ್ತಾರೆ. ಅದಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಮಾತು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದನ್ನು ದಾಖಲಿಸಿದ್ದಾರೆ. ಹೊದೆಯುವುದಕ್ಕೆ ಮೂಲೆಯ ಹೂವು ಬೇಕಾಗಿಲ್ಲ. ಆದರೂ ಹರಿದ ಲಂಗ, ಸವೆದ ಸೀರೆಯಿಂದ ಮಾಡಿದ್ದಕ್ಕೆ ಅಷ್ಟು ಮರ್ಯಾದೆ ಸಲ್ಲಲೇಬೇಕು ಎಂದುಕೊಂಡ ಆ ಹೆಣ್ಣುಮಕ್ಕಳ ಬಗ್ಗೆ ನನಗೆ ಅಪಾರ ಗೌರವ.

ನಿಂತುಹೋದ ಕೆಲಸಕ್ಕೆ ಇನ್ನೊಂದು ಕಾರಣ ಇದೆ. ಅದು ಬಟ್ಟೆಯಲ್ಲಿಲ್ಲ, ಮನೆಯಲ್ಲಿದೆ. ಹೆಣಿಗೆ, ಕಸೂತಿ ಎರಡೂ ಎಣಿಕೆಯ ಕೆಲಸ. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವವರು ಗೆರೆ ಎಳೆದುಕೊಳ್ಳುವುದಿಲ್ಲ, ಅಚ್ಚು ಒತ್ತುವುದಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಗೋಪುರ, ತೇರು, ಆನೆ, ತುಳಸಿ ಕಟ್ಟೆ ಮೂಡಿಸುತ್ತಾರೆ. ಹನ್ನೆರಡನೆಯ ಎಳೆಯಲ್ಲಿರುವಾಗ ಬಾಗಿಲು ಬಡಿದರೆ, ಹಾಲು ಉಕ್ಕಿದರೆ, ಒಳಗಿನಿಂದ ಯಾರೋ ಕೂಗಿದರೆ ಲೆಕ್ಕ ಹೋಯಿತು. ಮಧ್ಯಾಹ್ನದ ಎರಡರಿಂದ ನಾಲ್ಕರವರೆಗಿನ ಸಮಯವನ್ನು ಮಾತ್ರ ತನ್ನದೆಂದು ಹೇಳಿಕೊಳ್ಳಬಲ್ಲ ಹೆಣ್ಣುಮಗಳು, ಆ ಸಮಯವೂ ತನ್ನದಲ್ಲವೆಂದು ಗೊತ್ತಾದ ದಿನ ಬಟ್ಟೆ ಮಡಚಿಡುತ್ತಾಳೆ. ಅತ್ತೆಗೆ ಹುಷಾರಿಲ್ಲದ ವರ್ಷ, ಮಗನ ಪರೀಕ್ಷೆಯ ವರ್ಷ, ವರ್ಗವಾಗಿ ಊರು ಬಿಟ್ಟ ವರ್ಷ, ಇವೆಲ್ಲ ಒಂದೊಂದು ಚೀಲದಲ್ಲಿ ಕೂತಿವೆ. ಇದನ್ನು ಆರಂಭಶೂರತನ ಎಂದು ಮನೆಯವರು ಆಡಿಕೊಂಡು ನಕ್ಕಾಗ ನನಗೆ ಸಿಟ್ಟು ಬರುತ್ತದೆ. ಅಷ್ಟು ತುಣುಕು ಸಮಯದಲ್ಲಿ ಅಷ್ಟಾದರೂ ಮಾಡಿದ್ದಾಳಲ್ಲ ಎಂದು ನೋಡಬೇಡವೇ?

ನಮ್ಮ ದೊಡ್ಡವ್ವ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಒಂದು ಚಂದ್ರಕಾಳಿ ಸೀರೆ ಸಿಕ್ಕಿತು. ಕರಿಯ ಒಡಲು, ಸೆರಗಿನ ಹತ್ತಿರ ಕೆಂಪು ದಾರದ ಗವಂತಿ. ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಗವಂತಿಯ ಕ್ರಮವೇನೆಂದರೆ, ದಾರ ಒಂದಷ್ಟು ಎಳೆ ಬಿಟ್ಟು ಅಷ್ಟೇ ಎಳೆ ಹಿಡಿಯುತ್ತ ಮುಂದೆ ಹೋಗಬೇಕು, ಆಮೇಲೆ ಅದೇ ದಾರಿಯಲ್ಲಿ ತಿರುಗಿ ಬರುತ್ತ ಬಿಟ್ಟ ಜಾಗಗಳನ್ನೆಲ್ಲ ತುಂಬಬೇಕು. ಗಂಟು ಹಾಕುವಂತಿಲ್ಲ. ಸರಿಯಾಗಿ ಮುಗಿದರೆ ಬಟ್ಟೆಯ ಎರಡೂ ಮೈ ಒಂದೇ ತೆರನಾಗಿ ಕಾಣುತ್ತವೆ. ದೊಡ್ಡವ್ವನ ಕೊನೆಯ ಗೋಪುರದಲ್ಲಿ ದಾರ ಹೋಗಿತ್ತು, ತಿರುಗಿ ಬಂದಿರಲಿಲ್ಲ. ತುಂಡು ತುಂಡು ಗೆರೆ, ನಡುವೆ ಕರಿಯ ಖಾಲಿ.

ಅದನ್ನು ಬಿಚ್ಚಿ ಹೊಸದಾಗಿ ಹಾಕು ಎಂದವರಿದ್ದರು. ಹಾಗೇ ಇಟ್ಟುಕೋ, ನೆನಪಿಗಿರುತ್ತದೆ ಎಂದವರೂ ಇದ್ದರು. ನಾನು ಎರಡನ್ನೂ ಒಪ್ಪಲಿಲ್ಲ. ಆಕೆ ಸೀರೆಗೆ ಕಸೂತಿ ಹಾಕಿದ್ದು ಉಡುವುದಕ್ಕೆ. ಕೆಂಪು ದಾರ ತಂದರೆ ಬಣ್ಣ ಕೂಡಲಿಲ್ಲ. ಆಕೆಯ ಕೆಂಪು ವರ್ಷಗಳಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಹೊಸ ಕೆಂಪಿನಲ್ಲೇ ಹಿಂದಿರುಗುವ ಸಾಲು ಹಾಕಿದೆ. ಹತ್ತಿರ ಹಿಡಿದು ನೋಡಿದರೆ ಒಂದು ಹೊಲಿಗೆ ಮಂಕು, ಒಂದು ಹೊಲಿಗೆ ಉಜ್ವಲ, ಆ ಗೋಪುರದುದ್ದಕ್ಕೂ ಹಾಗೆಯೇ. ಸ್ವಲ್ಪ ದೂರದಿಂದ ನೋಡಿದರೆ ಒಂದೇ ಗೆರೆ. ಕಳೆದ ಸಂಕ್ರಾಂತಿಗೆ ಅದನ್ನು ಉಟ್ಟಿದ್ದೆ.

ಹೋದವರ ಕೈಗೆಲಸ ಹಾಗೇ ಉಳಿದುಬಿಡುವ ಈ ಸಂಕಟ ನಮ್ಮದೊಂದೇ ಅಲ್ಲ. 2022ರಲ್ಲಿ ಅಮೆರಿಕದಲ್ಲಿ ಮೇಸಿ ಕಪ್ಲಾನ್, ಜೆನ್ ಸಿಮೋನಿಕ್ ಎಂಬ ಇಬ್ಬರು ಹೆಣಿಗೆಯ ಗೆಳತಿಯರು 'ಲೂಸ್ ಎಂಡ್ಸ್' ಎಂಬ ಸಂಸ್ಥೆ ಶುರುಮಾಡಿದರು. ಪರಿಚಿತರೊಬ್ಬರ ತಾಯಿ ತೀರಿಕೊಂಡು, ಅವರು ಮನೆಮಂದಿಗೆಂದು ಹೆಣೆಯುತ್ತಿದ್ದ ಹೊದಿಕೆಗಳು ಅರ್ಧಕ್ಕೆ ನಿಂತಿದ್ದೇ ಅದಕ್ಕೆ ಕಾರಣ. ತೀರಿಹೋದವರು, ಇಲ್ಲವೇ ಕಾಯಿಲೆಯಿಂದ ಕೈ ಸೋತವರು ಬಿಟ್ಟ ಹೆಣಿಗೆ, ಕ್ರೋಶ, ಕ್ವಿಲ್ಟುಗಳನ್ನು ಆಯಾ ಕೆಲಸ ಬಲ್ಲ ಸ್ವಯಂಸೇವಕರಿಗೆ ತಲುಪಿಸುತ್ತಾರೆ. ಅವರು ದುಡ್ಡು ತೆಗೆದುಕೊಳ್ಳದೆ ಮುಗಿಸಿ ಮನೆಯವರಿಗೆ ಮರಳಿಸುತ್ತಾರೆ. ಈಗ ಅನೇಕ ದೇಶಗಳಲ್ಲಿ ಅವರ ಜನ ಇದ್ದಾರೆ. ನಮ್ಮಲ್ಲಿ ಇಂಥವು ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರ ಗಂಟಿಗೆ ಹೋಗುವುದನ್ನು ಕಂಡಿದ್ದೇನೆ. ಒಂದು ಡಬ್ಬಿಗೋ ತಟ್ಟೆಗೋ ಒಂದು ಜೀವದ ಮಧ್ಯಾಹ್ನಗಳನ್ನೆಲ್ಲ ತೂಗಿ ಕೊಡುವುದು ನೋಡಲಾಗುವುದಿಲ್ಲ.

ಹಾಗೆಂದು ಚೀಲದಲ್ಲಿರುವುದನ್ನೆಲ್ಲ ಮುಗಿಸಲೇಬೇಕು ಎನ್ನುವುದು ನನ್ನ ವಾದವಲ್ಲ. ನಾಲ್ಕು ವರ್ಷದ ಮಗುವಿಗೆಂದು ಹಿಡಿದ ಸ್ವೆಟರ್, ಮಗು ಇಂಜಿನಿಯರ್ ಆಗಿ ಹೊರಟುಹೋದ ಮೇಲೂ ಇದ್ದರೆ ಮೊದಲು ಉಣ್ಣೆಯನ್ನು ನೋಡಬೇಕು. ಬಿಸಿಲಿಗೆ ಹಿಡಿದು ಕೊಡವಿದಾಗ ಎಳೆ ಅಲ್ಲಲ್ಲಿ ತುಂಡಾಗಿದ್ದರೆ ಹುಳ ತಿಂದಿದೆ ಎಂದರ್ಥ. ಅದರ ಮೇಲೆ ಶ್ರಮ ಹಾಕಬಾರದು. ಎಳೆ ಗಟ್ಟಿಯಿದ್ದು ವಿನ್ಯಾಸ ಮಾತ್ರ ಬೇಡವಾಗಿದ್ದರೆ ಬಿಚ್ಚಿಬಿಡಿ. ಕುರ್ಚಿಯ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ ನೆರಳಿಗೆ ತೂಗುಹಾಕಿದರೆ ಸುರುಳಿ ಬಿಟ್ಟು ಉಣ್ಣೆ ನೆಟ್ಟಗಾಗುತ್ತದೆ. ಬಿಚ್ಚುವುದೂ ಒಂದು ಮುಕ್ತಾಯವೇ. ಅದಕ್ಕೆ ಧೈರ್ಯ ಸ್ವಲ್ಪ ಹೆಚ್ಚು ಬೇಕು, ಅಷ್ಟೇ.

ಮುಂದುವರಿಸುವುದಾದರೆ ಎರಡು ವಿಷಯದಲ್ಲಿ ಎಚ್ಚರ ಬೇಕು. ಉಣ್ಣೆಯ ಉಂಡೆಯ ಪಟ್ಟಿಯಲ್ಲಿ ಬಣ್ಣದ ಸಂಖ್ಯೆಯ ಜೊತೆಗೆ ಬಣ್ಣ ಹಾಕಿದ ಸರದಿಯ ಸಂಖ್ಯೆಯೂ ಇರುತ್ತದೆ. ಮೊದಲನೆಯದು ಕೂಡಿದರೂ ಎರಡನೆಯದು ಬೇರೆಯಾದರೆ ತೋಳಿನ ನಡುವೆ ಗೆರೆ ಎದ್ದು ಕಾಣುತ್ತದೆ. ಆಗ ಹೊಸ ಉಣ್ಣೆಯನ್ನು ಎರಡು ಸಾಲು, ಹಳೆಯದನ್ನು ಎರಡು ಸಾಲು ಬದಲಿಸುತ್ತ ಹೋಗಬೇಕು, ಇಲ್ಲವೇ ಪೂರ್ತಿ ಬೇರೆ ಬಣ್ಣ ತಂದು ಎರಡೂ ಮುಂಗೈ, ಕುತ್ತಿಗೆಗೆ ಹಾಕಿಬಿಡಬೇಕು. ಎಚ್ಚರ ಬೇಕಾದ ಎರಡನೆಯ ವಿಷಯ ಕೈಯ ಬಿಗಿ. ಹತ್ತು ವರ್ಷದ ಹಿಂದೆ ಬಿಗಿಯಾಗಿ ಹೆಣೆಯುತ್ತಿದ್ದ ಕೈ ಈಗ ಸಡಿಲವಾಗಿರಬಹುದು. ಅಂಗೈಗಿಂತ ಅಗಲವಾದ ತುಂಡೊಂದನ್ನು ಹೆಣೆದು, 10 ಸೆಂಟಿಮೀಟರಿಗೆ ಎಷ್ಟು ಕುಣಿಕೆ ಬಂತೆಂದು ಹಳೆಯದರ ಜೊತೆ ಹೋಲಿಸಿ ಕಡ್ಡಿಯ ಅಳತೆ ಬದಲಿಸಿಕೊಳ್ಳಿ. ಪತ್ರಿಕೆಯಿಂದ ಕತ್ತರಿಸಿಟ್ಟ ವಿನ್ಯಾಸದ ಹಾಳೆ ಕಳೆದುಹೋಗಿದ್ದರೆ ಚಿಂತೆ ಬೇಡ, ಮುಗಿದ ತೋಳಿನ ಸಾಲು ಎಣಿಸಿದರೆ ಲೆಕ್ಕ ಸಿಗುತ್ತದೆ. ಕಸೂತಿಯ ಬಟ್ಟೆಯನ್ನು ರಿಂಗಿನಲ್ಲಿ ಸಿಕ್ಕಿಸಿ, ಸೂಜಿ ಚುಚ್ಚಿಯೇ ಇಟ್ಟಿದ್ದರೆ ಇವತ್ತೇ ಬಿಡಿಸಿಡಿ. ರಿಂಗಿನ ಗುರುತು ತೊಳೆದರೆ ಹೋದೀತು, ಸೂಜಿಯ ತುಕ್ಕು ಹೋಗುವುದು ಕಷ್ಟ.

ಇಷ್ಟೆಲ್ಲ ತಿಳಿದಿದ್ದರೂ ಒಬ್ಬರೇ ಕೂತರೆ ಚೀಲ ಮತ್ತೆ ಮಂಚದ ಕೆಳಗೆ ಸರಿಯುತ್ತದೆ. ಅದಕ್ಕೇ ಧಾರವಾಡದ ನಮ್ಮ ಓಣಿಯಲ್ಲಿ ಈ ಮಳೆಗಾಲ ಶನಿವಾರದ ಮಧ್ಯಾಹ್ನ ಒಂದೊಂದು ಮನೆಯಲ್ಲಿ ಸೇರುತ್ತಿದ್ದೇವೆ. ಒಂದೇ ಕಟ್ಟಳೆ: ಹೊಸದೇನನ್ನೂ ಹಿಡಿಯುವಂತಿಲ್ಲ, ನಿಂತದ್ದನ್ನು ಮಾತ್ರ ತರಬೇಕು. ಹುಕ್ಕು ಹಚ್ಚುವುದರಲ್ಲಿ ಕೈ ಚುರುಕಿರುವ ಒಬ್ಬರು ಎಲ್ಲರ ರವಿಕೆ ಮುಗಿಸಿಕೊಡುತ್ತಾರೆ, ಅವರ ಮಣಿ ತೋರಣದ ಗಂಟು ಬಿಡಿಸುವುದು ಇನ್ನೊಬ್ಬರ ಪಾಲು. ತನಗೆ ಬೇಸರವಾದ ಭಾಗ ಪಕ್ಕದಾಕೆಗೆ ಹೊಸದಾಗಿರುತ್ತದೆ ಎನ್ನುವುದು ಎರಡೇ ವಾರದಲ್ಲಿ ಎಲ್ಲರಿಗೂ ತಿಳಿಯಿತು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ತೀರಿಕೊಂಡ ಹೆಂಡತಿ ಬಿಟ್ಟುಹೋದ ಬೂದು ಬಣ್ಣದ ಸ್ವೆಟರ್ ತಂದು, "ನಂಗೇನೂ ಬರೂದಿಲ್ರೀ ಅಕ್ಕಾರ, ತೋಳ ಕೂಡಿಸಿ ಕೊಟ್ರ ಸಾಕು" ಎಂದರು. ತೋಳು ಕೂಡಿಸಿದ್ದೇವೆ, ಗುಂಡಿ ಹಚ್ಚುವುದನ್ನು ಅವರಿಗೇ ಕಲಿಸಿದ್ದೇವೆ. ನಡುಗುವ ಬೆರಳಿನಲ್ಲೂ ಒಂದೊಂದಕ್ಕೆ ನಾಲ್ಕು ಸಲ ದಾರ ಸುತ್ತಿ ಗಟ್ಟಿ ಮಾಡಿದ್ದಾರೆ.

ಬರುವ ಶನಿವಾರ ಕೌದಿಯ ಸರದಿ. ಯಾರ ಮನೆಯಲ್ಲೂ ಅಷ್ಟು ನೆಲವಿಲ್ಲ. ಓಣಿಯ ಗುಡಿಯ ಪಡಸಾಲೆ ಕೇಳಿದ್ದೆವು. ಮಧ್ಯಾಹ್ನ ಮೂರರಿಂದ ಸಂಜೆ ದೀಪ ಹಚ್ಚುವವರೆಗೆ ಕೂತುಕೊಳ್ಳಿ ಎಂದಿದ್ದಾರೆ ಪೂಜಾರರು. ನಾಲ್ಕು ಮಗ್ಗುಲಿಗೆ ಜನ ಸಿಕ್ಕಿದ್ದಾರೆ. ದಪ್ಪ ಸೂಜಿ ಮೂರೇ ಇವೆ, ಇನ್ನೊಂದನ್ನು ಸುಭಾಸ ರಸ್ತೆಯಿಂದ ತರಬೇಕು.